ಸದ್ದಿನಕ್ಕ

ಗೋಡೆಯೇ ಇಲ್ಲದ ಬಾಗಿಲೊಂದು ಲೋಕದಲ್ಲಿರಬಹುದೆಂದು ನನಗೆ ಗೊತ್ತಿರಲಿಲ್ಲ. ರೇಡಿಯೋ ನಾಟಕ ವಿಭಾಗಕ್ಕೆ ಬರಹಗಾರನಾಗಿ ಸೇರಿದ ದಿನ, ಮೌನದ ಮಹತ್ವವನ್ನು ಕುರಿತು ಸುದೀರ್ಘವಾಗಿ ಕೊರೆಯುತ್ತಾ, ಸ್ಟುಡಿಯೋದ ನಡುವೆ ಬರೀ ಚೌಕಟ್ಟಿನಲ್ಲಿ ನಿಲ್ಲಿಸಿದ್ದ ಬಾಗಿಲೊಂದಕ್ಕೆ ಗತ್ತಿನಿಂದ ಒರಗಿದೆ. ಅದು ತನ್ನ ಧರ್ಮದಂತೆ ತೆರೆದುಕೊಂಡಿತು, ನಾನು ಆಚೆ ಬದಿಯಲ್ಲಿ ಅಂಗಾತ ಬಿದ್ದೆ. ನಾಟಕಕ್ಕೆ ಬಾಗಿಲ ಸದ್ದು ಬೇಕಾದಾಗ ತೆಗೆದು ಮುಚ್ಚಲೆಂದು ಇಟ್ಟದ್ದಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸದ್ದು ಮಾಡುವ ಕೆಲಸದ ಹೆಂಗಸು ಮಾತ್ರ ನಗಲಿಲ್ಲ, ನಾನು ಧೂಳು ಕೊಡವಿಕೊಳ್ಳುವವರೆಗೆ ಕಾದು, "ಏಳೋದಾಯ್ತಾ? ಶುರು ಮಾಡೋಣ್ವಾ?" ಎಂದರು. ನಲ್ಲಿ ತಿರುಗಿಸಿದಂತೆ ನಗು ನಿಂತಿತು.

ಹೆಜ್ಜೆ, ಗುಡುಗು, ಒಡೆದ ಗಾಜು ಮೊದಲಾದ ನಮ್ಮ ಸಕಲ ಶಬ್ದಪ್ರಪಂಚದ ಸೃಷ್ಟಿಕರ್ತೆಯಾದ ಆಕೆಯನ್ನು ಸದ್ದಿನಕ್ಕ ಎನ್ನುತ್ತಿದ್ದೆವು. ಬೀಗದ ಕೈ, ಗುಂಡಿ, ಕಾಗದದ ಉಂಡೆಗಳಿಂದ ಜೇಬು ಉಬ್ಬಿದ ಹಳೆಯ ಕೋಟು ತೊಟ್ಟು, ಅದು ಗಲಗಲಿಸದಂತೆ, ಮಲಗಿದ ಮಗುವನ್ನು ಎತ್ತಿಕೊಂಡವರ ಹಾಗೆ ನಡೆಯುತ್ತಿದ್ದರು. ನಮ್ಮ ಗುಂಪಿನಲ್ಲಿ ಬುದ್ಧಿವಂತನೆಂಬ ಬಿರುದು ನನ್ನದು, ಕೊಟ್ಟುಕೊಂಡವನೂ ನಾನೇ. ಆದರೆ ಏನಾದರೂ ತೀರ್ಮಾನವಾಗಬೇಕಾದಾಗ ಎಲ್ಲರ ಕಣ್ಣು ಹೊರಳುತ್ತಿದ್ದುದು ಆ ಕೋಟಿನ ಕಡೆಗೆ.

ಒಮ್ಮೆ ನಿರ್ದೇಶಕರು, ನಾವೆಲ್ಲ ತಾತ ಎನ್ನುತ್ತಿದ್ದ ಹಿರಿಯ ನಟರನ್ನು ಕೈಬಿಡಲು ನಿಶ್ಚಯಿಸಿದರು. ಸಂಭಾಷಣೆಯ ನಡುವೆ ಅವರ ಉಸಿರು ಕಟ್ಟುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ತಾತನಿಗೆ ಮೈಕಿನ ಮುಂದಿನ ಆ ಜಾಗವೇ ಮನೆ. ಅವರು ಮೂಲೆಯಲ್ಲಿ ಮಫ್ಲರಿನ ತುದಿ ಹೊಸೆಯುತ್ತ ಕುಳಿತಿರಲು, ನಾನೆದ್ದು ಕಲೆ, ಕೃತಜ್ಞತೆ, ಮಾನವೀಯತೆಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ವಾದಿಸಿದೆ. ನಿರ್ದೇಶಕರು ಗಡಿಯಾರ ನೋಡಿಕೊಂಡರು.

ಸದ್ದಿನಕ್ಕ ಕುರ್ಚಿಯನ್ನು ತಾತನ ಪಕ್ಕಕ್ಕೆ ಎತ್ತಿಟ್ಟುಕೊಂಡು ಕುಳಿತರು.

"ತಾತ, ಉಸಿರು ಎಲ್ಲಿ ಕಟ್ಟುತ್ತೆ?"

ಅಷ್ಟು ದಿನ ಯಾರೂ ಅವರನ್ನೇ ಕೇಳಿರಲಿಲ್ಲ. ತಾತ ನನ್ನತ್ತ ನೋಡಿ, ಸಂಕೋಚದಿಂದ, "ಇವರು ಬರೆದಿದ್ದು ಓದುವಾಗ ಕಣಮ್ಮಾ. ಚೆನ್ನಾಗೇ ಬರೀತಾರೆ, ಪಾಪ. ಮುಗಿಸೋದೇ ಇಲ್ಲ" ಎಂದರು.

"ಚಿಕ್ಕದು ಮಾಡಿಕೊಡ್ತಾರೆ. ಒಂದ್ಸಲ ಓದಿಸಿ ನೋಡೋಣ, ಸಾರ್," ಎಂದರು ಸದ್ದಿನಕ್ಕ, ನಿರ್ದೇಶಕರಿಗೆ.

ನಾನು ಅಲ್ಲೇ ಕೂತು ನನ್ನ ವಾಕ್ಯಗಳ ಬಾಲ ಕತ್ತರಿಸಿದೆ. ತಾತ ಓದಿದರು. ಒಂದೇ ಕಡೆ ಉಸಿರಿಗಾಗಿ ತಡೆದರು. ಅದು ದುಃಖದ ಮಾತಾದ್ದರಿಂದ ಅಭಿನಯವೆಂದುಕೊಂಡೆವು. ನಿರ್ದೇಶಕರು ಕನ್ನಡಕ ಒರೆಸಿಕೊಂಡು, "ನಾಳೆ ಸ್ವಲ್ಪ ಬೇಗ ಬನ್ನಿ, ತಾತ" ಎಂದರು.

ಇಂಥವರೊಬ್ಬರು ಎಷ್ಟೋ ಕೆಲಸದ ಕೋಣೆಗಳಲ್ಲಿರುತ್ತಾರೆ. ಬುದ್ಧಿ ನಮ್ಮಷ್ಟೇ, ಅದನ್ನು ತೋರಿಸಿಕೊಳ್ಳುವ ಅವಸರವಿಲ್ಲದ್ದರಿಂದ ಎದುರಿಗಿರುವವರನ್ನು ನೋಡಲು ಅವರಿಗೆ ಪುರುಸೊತ್ತಿರುತ್ತದೆ. ಇದೆಲ್ಲ ನನಗೆ ಹೊಳೆದದ್ದು ತಡವಾಗಿ. ಅಂದು ಮಾತ್ರ ಹೊಟ್ಟೆಕಿಚ್ಚು ತಡೆಯದೆ ಕೇಳಿಯೇಬಿಟ್ಟೆ:

"ನಾನು ಗಂಟಲು ಹರಿದುಕೊಂಡೆ, ಅವರು ಜಗ್ಗಲಿಲ್ಲ. ನೀವು ಎರಡು ಮಾತಾಡಿದ್ರಿ, ಒಪ್ಪಿಬಿಟ್ರು. ಅದು ಹೇಗಕ್ಕಾ?"

ಸದ್ದಿನಕ್ಕ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದರು:

"ನೀವು ಮಾತು ನಿಲ್ಲಿಸಿದ್ರಲ್ಲ, ಆ ಖುಷೀಲಿ."