ಎರಡು ಸಲ ಬಿದ್ದ ದಿನ

ಅವರೆಕಾಳು ಹಿಸುಕುತ್ತಿದ್ದೆ. ಮೊಮ್ಮಗಳು ಭವ್ಯ ಬಂದು ಮುಂದಿದ್ದ ಪಾತ್ರೆಯನ್ನೇ ಎಳೆದುಕೊಂಡಳು.

"ಏಳಜ್ಜಿ, ಆಸ್ಪತ್ರೆಗೆ ಓಗುವ. ಮಾಂಬಳ್ಳಿಯೋರ್ನ ಇನ್ನೆಷ್ಟು ದಿನ ಕಾಯುಸ್ತಿಯೆ?"

ಮಾಂಬಳ್ಳಿಯ ಅನಸೂಯಮ್ಮ ನನ್ನ ಗೆಳತಿ. ರಾತ್ರಿ ಶಾಲೆಯಲ್ಲಿ ಒಟ್ಟಿಗೆ ಕೂತು ಅಕ್ಷರ ತಿದ್ದಿದವರು ನಾವು. ಕಲಿತದ್ದು ಮರೆತುಹೋಗಬಾರದೆಂದು, ಮನೆಯಲ್ಲಿ ಫೋನಿದ್ದರೂ ಕಾಗದವನ್ನೇ ಬರೆದುಕೊಳ್ಳುತ್ತೇವೆ. ತನ್ನ ಮೊಮ್ಮಗ ಬಸವಕುಮಾರನಿಗೆ ಭವ್ಯಳನ್ನು ಕೇಳಿ ಅವಳು ಬರೆದು ವರ್ಷವಾಗಿತ್ತು. ಹುಡುಗ ಹುಡುಗಿ ಆಗಲೇ ಒಪ್ಪಿದ್ದರು. ಉತ್ತರ ಬರೆಯಲು ಓಡದಿದ್ದದ್ದು ನನ್ನ ಕೈ. ಹಿಂದೊಂದು ದಿನ ಬಿದ್ದು ಒದ್ದಾಡಿದ್ದ ಭವ್ಯಳಿಗೆ ಮೂರ್ಛೆರೋಗವೆಂದು ಬೀದಿಯೆಲ್ಲ ನಂಬಿತ್ತು, ನಾನೂ ನಂಬಿದ್ದೆ. ಮುಚ್ಚಿಟ್ಟು ಹೆಣ್ಣು ಕೊಡಲಾರೆ, ಬರೆದು ತಿಳಿಸಲು ಧೈರ್ಯವಿಲ್ಲ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ದೀಪ ಒಂದಷ್ಟು ಪರೀಕ್ಷೆ ಮಾಡಿಸಿ, "ಅವತ್ತು ಏನಾಯ್ತು ಹೇಳಿ ಅಜ್ಜಿ" ಎಂದರು.

"ಪರೀಕ್ಷೆ ಪಾಸಾಗ್ಲಿ ಅಂತ ಮಾದಪ್ಪಂಗೆ ಅರಕೆ ಕಟ್ಕಂಡ್ಳು ಡಾಕ್ಟ್ರಮ್ಮ. ವಾರವೆಲ್ಲ ಉಪ್ಪಿಲ್ದೆ ಉಂಡು, ಬಿಸ್ಲಲ್ಲಿ ಬೆಟ್ಟಕ್ಕೆ ನಡೆದ್ಲು. ದಾರಿ ಉದ್ದಕ್ಕೂ ನೀರೇ ನೀರು ಕುಡುದ್ಲು. ಹನೂರಲ್ಲಿ ಬಿದ್ದು ಒದ್ದಾಡುದ್ಲು. ಆಸ್ಪತ್ರೇಲಿ ಸಂಜೆ ಇನ್ನೊಂದ್ಸಲ. ಆಮ್ಯಾಕೆ ಬರ್ನೇ ಇಲ್ಲ. ಎರಡು ಸಲ ಬಂದ್ರೆ ಕಾಯ್ಲೆ ಅಂತಾರಲ್ಲವ್ವ?"

"ಎರಡು ಸಲ ಅನ್ನೋದೇನೋ ಸರಿ. ಆದ್ರೆ ಎರಡರ ನಡುವೆ ಒಂದು ದಿನಕ್ಕಿಂತ ಹೆಚ್ಚು ಅಂತರ ಇರಬೇಕು. ಒಂದೇ ದಿನ ಬಂದದ್ದು ನಮ್ಮ ಲೆಕ್ಕದಲ್ಲಿ ಒಂದೇ. ಅದೂ ಕಾರಣ ಇಲ್ಲದೆ ತಾನಾಗಿ ಬಂದಿರಬೇಕು. ಇವಳಿಗೆ ಉಪ್ಪಿಲ್ಲದೆ ಬರೀ ನೀರು ಕುಡಿದು, ರಕ್ತದಲ್ಲಿ ಉಪ್ಪು ಇಳಿದು ಬಂತು; ಅವತ್ತಿನ ಆಸ್ಪತ್ರೆ ಚೀಟಿಯಲ್ಲೇ ಇದೆ. ಮತ್ತೆ ಬರೋ ಸಂಭವ ಬಹಳ ಇದ್ರೆ, ಒಂದೇ ಸಲಕ್ಕೂ ಮೂರ್ಛೆರೋಗ ಅಂತ ಹೆಸರು ಇಡ್ತೀವಿ. ಇವಳ ಮೆದುಳಿನ ಪರೀಕ್ಷೆಯೆಲ್ಲ ಚೆನ್ನಾಗಿದೆ. ಇದು ಮೂರ್ಛೆರೋಗ ಅಲ್ಲ ಅಜ್ಜಿ. ಆಗಿದ್ರೂ ಮಾತ್ರೆ ನುಂಗ್ಕೊಂಡು ಮದುವೆ ಆಗಬಹುದಿತ್ತು, ಗೊತ್ತಾ?"

ಭವ್ಯ ನನ್ನ ಕಡೆ ತಿರುಗಿದಳು.

"ಕೇಳುದ್ಯಾ ಅಜ್ಜಿ? ಇನ್ಮ್ಯಾಕೆ ಸಾರಿಗೆ ಉಪ್ಪು ಕಮ್ಮಿ ಆದ್ರೆ ನಾ ಸುಮ್ಕಿರಕ್ಕಿಲ್ಲ!"

"ಹಾಗಂತ ಉಪ್ಪು ಸುರೀಬೇಡ ಕಣಮ್ಮ, ಅಜ್ಜಿಗೆ ಬಿಪಿ ಏರುತ್ತೆ" ಎಂದು ಡಾಕ್ಟರು ನಕ್ಕರು.

ಅಲ್ಲಿಂದ ನೆಟ್ಟಗೆ ಅಂಚೆ ಕಚೇರಿಗೆ ನಡೆದೆ. ಅಲ್ಲೇ ನಿಂತು ಬರೆದೆ: 'ಅನಸೂಯಾ, ನಮಗೆ ಒಪ್ಪಿಗೆ. ಹುಡುಗಿ ಒಮ್ಮೆ ಉಪ್ಪು ಇಳಿದು ಬಿದ್ದು ಒದ್ದಾಡಿದ್ದಳು, ಅದು ಮೂರ್ಛೆರೋಗವಲ್ಲವೆಂದು ಡಾಕ್ಟರು ಹೇಳಿದರು. ಅನುಮಾನವಿದ್ದರೆ ಬಾ, ಅವರನ್ನೇ ಕೇಳುವ. ಊಟ ನಮ್ಮಲ್ಲೇ.'

"ಒಂದು ಫೋನ್ ಮಾಡಿದ್ರೆ ಈಗ್ಲೇ ಮುಗಿಯೋದು" ಭವ್ಯ ಗೊಣಗಿದಳು.

"ಸುಮ್ಕಿರು ಲೇ! ವರ್ಷ ಕಾದೋಳು ಎರಡು ದಿನ ಕಾಯಕ್ಕಿಲ್ವಾ?"

ಅಂಟು ಹಚ್ಚಿ, ಒತ್ತಿ, ಕಾಗದವನ್ನು ಡಬ್ಬಿಗೆ ಹಾಕಿದೆ.