ಸೊಂಟದ ಕೀಲು: ಸರಿ

ಹೆರಿಗೆ ವಾರ್ಡಿನಲ್ಲಿ ಡಾಕ್ಟರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದ ನರ್ಸ್ ಕೆಲಸದಲ್ಲಿ ಸಾವಿರಾರು ಹಸುಗೂಸುಗಳು ಅವಳ ಕೈಯಲ್ಲಿ ಹಾದುಹೋಗಿದ್ದವು. ಹುಟ್ಟಿದ ಮರುದಿನ ಪ್ರತಿ ಮಗುವನ್ನೂ ತಲೆಯಿಂದ ಕಾಲಿನವರೆಗೆ ನೋಡಿ ಒಂದು ಹಾಳೆ ತುಂಬಬೇಕು: ಕಣ್ಣು, ಅಂಗುಳು, ಎದೆಬಡಿತ, ಹೊಕ್ಕುಳು, ಎಲ್ಲಕ್ಕಿಂತ ಕೆಳಗೆ ಸೊಂಟದ ಕೀಲು. ಹೊಸದಾಗಿ ಸೇರಿದ ಹುಡುಗಿಯರಿಗೆ ಆ ಕೊನೆಯ ಸಾಲು ಕಂಡರೆ ಭಯ. ಅಕ್ಕ ಅವರ ಬೆರಳು ಹಿಡಿದು ಕಲಿಸುತ್ತಿದ್ದಳು.

"ತೊಡೆ ಮೂಳೆ ತುದೀಲಿ ಒಂದು ಗುಂಡು, ಸೊಂಟದ ಮೂಳೇಲಿ ಅದಕ್ಕೊಂದು ಬಟ್ಟಲು. ಅಷ್ಟೇ ಕಣ್ರೇ. ಮಂಡಿ ಮಡಚಿ, ಹೆಬ್ಬೆರಳು ತೊಡೆ ಒಳಗಡೆ, ನಡುಬೆರಳು ಹೊರಗಡೆ. ಮೆಲ್ಲಗೆ ಹಿಂದಕ್ಕೆ ಒತ್ತಿ, ಆಮೇಲೆ ಪುಸ್ತಕ ಬಿಡಿಸಿದ ಹಾಗೆ ಕಾಲು ಅಗಲಿಸಿ. ಕಿವೀಲಿ ಕೇಳಬೇಡಿ, ಬೆರಳಲ್ಲಿ ಕೇಳಿ. ಸಣ್ಣಗೆ ಚಿಟ್ ಅಂದ್ರೆ ತಲೆ ಕೆಡಿಸ್ಕೋಬೇಡಿ. ಗುಂಡು ಜಾರಿ ಮತ್ತೆ ಕೂತ ಹಾಗೆ ಆದ್ರೆ ಮಾತ್ರ ಅವತ್ತೇ ಮೂಳೆ ಡಾಕ್ಟರಿಗೆ ಹೇಳಿ. ನಾಳೆ ಅನ್ನಬೇಡಿ."

ಅವಳ ಒಬ್ಬಳೇ ತಂಗಿ ಅದೇ ವಾರ್ಡಿನಲ್ಲಿ ಹೆತ್ತಳು. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯದಕ್ಕೆ ದೇವರು ಕಣ್ಣು ಬಿಟ್ಟನೆಂದು ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾದಿದ್ದ ಮಗು. ಹೊಟ್ಟೆಯೊಳಗೆ ತಲೆ ಮೇಲಾಗಿ ಕೂತಿದ್ದರಿಂದ ಕೊಯ್ದೇ ತೆಗೆಯಬೇಕಾಯಿತು. ಚೋಟುದ್ದ ಹೆಣ್ಣುಮಗು. ಅವತ್ತೇ 'ಚೋಟಿ' ಎಂಬ ಹೆಸರು ಅಂಟಿಕೊಂಡಿತು.

ಮರುದಿನ ಮಗುವನ್ನು ನೋಡಬೇಕಾದ ಸರದಿ ಇನ್ನೊಬ್ಬ ನರ್ಸಿನದಾಗಿತ್ತು. "ನಮ್ಮ ಕೂಸನ್ನ ನಾನೇ ನೋಡ್ತೀನಿ, ಬಿಡೇ," ಎಂದು ಅಕ್ಕ ಅವಳ ಕೈಯಿಂದ ಹಾಳೆ ಕಿತ್ತುಕೊಂಡಳು. ಕಣ್ಣು ಸರಿ, ಅಂಗುಳು ಸರಿ, ಎದೆಬಡಿತ ಸರಿ. ಬಲಗಡೆಯ ಕೀಲೂ ಸರಿ. ಎಡಗಾಲು ಅಗಲಿಸುವಾಗ ನಡುಬೆರಳಿನ ಕೆಳಗೆ ಏನೋ ಮೆತ್ತಗೆ ಜಾರಿ ಒಳಕ್ಕೆ ಕೂತಿತು. ಸದ್ದಿಲ್ಲ. ಆದರೆ ಬೆರಳು ಕೇಳಿಸಿಕೊಂಡಿತ್ತು.

ಅಕ್ಕ ಇನ್ನೊಂದು ಸಲ ನೋಡಲು ಹೋದಳು. ಅಷ್ಟರಲ್ಲಿ ಮಗು ಕಿರುಚಿ ಕಾಲು ಬಿಗಿಮಾಡಿಕೊಂಡಿತು; ಏನೂ ತಿಳಿಯಲಿಲ್ಲ.

ಹಾಸಿಗೆಯ ಮೇಲಿಂದ ತಂಗಿ ತಲೆಯೆತ್ತಿ ನೋಡುತ್ತಿದ್ದಳು. "ಏನಕ್ಕಾ? ಎಲ್ಲ ಸರಿ ಇದೆ ತಾನೆ?"

ಮೂರು ವರ್ಷದಲ್ಲಿ ಆ ಮುಖದ ಮೇಲೆ ನಗು ಕಂಡದ್ದು ಅವತ್ತೇ. ಅಕ್ಕ ಹೇಳಿದಳು: "ಸರಿ ಇಲ್ದೆ ಏನಾಗಿದೆ ನಿನ್ನ ರಾಜಕುಮಾರಿಗೆ? ಗಂಟಲೊಂದು ಸ್ವಲ್ಪ ಜಾಸ್ತಿ, ನಿನ್ನ ಹಾಗೆ."

ತಂಗಿ ಹೊಲಿಗೆ ಹಿಡಿದುಕೊಂಡು ನಕ್ಕಳು. ಅಕ್ಕ ಹಾಳೆಯ ಕೊನೆಯ ಸಾಲಿನಲ್ಲಿ 'ಸರಿ' ಎಂದು ಬರೆದು ಸಹಿ ಹಾಕಿದಳು. ಎಷ್ಟೋ ಮಕ್ಕಳ ಸಡಿಲ ಕೀಲು ತಾನಾಗೇ ಬಿಗಿಯಾಗುತ್ತದೆ, ಆರು ವಾರ ಕಳೆದ ಮೇಲೆ ನಾನೇ ಮತ್ತೊಮ್ಮೆ ನೋಡಿದರಾಯಿತು, ಈಗಲೇ ಯಾಕೆ ಬಾಣಂತಿಯ ನಿದ್ದೆ ಕೆಡಿಸಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆರು ವಾರ ಕಳೆದ ಮೇಲೆ ಹೋದಳು, ನಿಜ. ಚೋಟಿ ನಿದ್ದೆಯಲ್ಲಿದ್ದಳು. ತಂಗಿಯ ಅತ್ತೆ ಮಗುವನ್ನು ಕಾಲು ಜೋಡಿಸಿ, ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಕತ್ತಿನವರೆಗೆ ಬಿಗಿಯಾಗಿ ಸುತ್ತಿ ಮಲಗಿಸಿದ್ದರು. "ಈಗಷ್ಟೇ ಕಣ್ಣು ಮುಚ್ಚಿದಾಳೆ ತಾಯಿ. ಬಿಚ್ಚಿ ನೋಡ್ಬೇಕಾ?" ಎಂದು ಅವರು ಪಿಸುಗುಟ್ಟಿದರು. ಕಾಲು ಹಾಗೆ ನೇರಮಾಡಿ ಕಟ್ಟಬಾರದು ಎಂದು ಅಕ್ಕನಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಮಿಕ್ಕಿದ್ದನ್ನೂ ಹೇಳಬೇಕಾಗುತ್ತದೆ. "ಬೇಡಮ್ಮ, ಮಲಗಲಿ," ಎಂದುಬಿಟ್ಟಳು. ಮೆಟ್ಟಿಲಿಳಿಯುವಾಗ ಮನಸ್ಸು ಹಗುರವಾಯಿತು. ಆ ಹಗುರವೇ ಆಮೇಲೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು.

ಚೋಟಿಗೆ ಒಂದೂಕಾಲು ವರ್ಷವಾದಾಗ ತಂಗಿ ಫೋನಿಗೆ ಒಂದು ವಿಡಿಯೋ ಕಳಿಸಿದಳು. "ನೋಡಕ್ಕಾ, ನಮ್ಮ ಬಾತುಕೋಳಿ ಹೆಂಗೆ ನಡೀತಾಳೆ!" ಅಂಗಳದಲ್ಲಿ ಮಗು ಕೈ ಎರಡೂ ಎತ್ತಿಕೊಂಡು ಬರುತ್ತಿತ್ತು. ಎಡಗಾಲು ಊರಿದಾಗಲೆಲ್ಲ ಇಡೀ ಮೈ ಎಡಕ್ಕೆ ವಾಲುತ್ತಿತ್ತು. ಹಿನ್ನೆಲೆಯಲ್ಲಿ ಎಲ್ಲರೂ ನಗುತ್ತಿದ್ದರು. ಅಕ್ಕ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅದನ್ನೇ ಮತ್ತೆ ಮತ್ತೆ ನೋಡಿದಳು. ಆಮೇಲೆ ತಂಗಿಗೆ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಕರ್ಕೊಂಡು ಬಾ. ಒಂದು ಎಕ್ಸ್‌ರೇ ತೆಗೆಸೋಣ," ಎಂದಳು.

ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. "ಬಲಗಡೆ ನೋಡಿ, ಗುಂಡು ಬಟ್ಟಲಲ್ಲಿದೆ. ಎಡಗಡೆ ಬಟ್ಟಲು ಖಾಲಿ. ಗುಂಡು ಮೇಲೆ ಹೋಗಿ ಕೂತಿದೆ. ಒಳಗೆ ಗುಂಡು ಇದ್ರೇನೇ ಬಟ್ಟಲು ಆಳವಾಗಿ ಬೆಳೆಯೋದು. ಇಲ್ಲಿ ಅದು ತಟ್ಟೆ ಥರ ಆಗಿಬಿಟ್ಟಿದೆ. ಹುಟ್ಟಿದಾಗ ಪರೀಕ್ಷೆ ಮಾಡಿದ್ರಾ?"

"ನಮ್ಮಕ್ಕನೇ ಮಾಡಿದ್ದು ಸಾರ್," ಎಂದಳು ತಂಗಿ. "ಎಲ್ಲ ಸರಿ ಇತ್ತು."

ಡಾಕ್ಟರು ಅಕ್ಕನ ಕಡೆ ನೋಡಿದರು. ಅಕ್ಕ ಫಿಲ್ಮಿನ ಕಡೆಗೆ ಕಣ್ಣು ಹೊರಳಿಸಿದಳು.

"ಹಾಗಾದ್ರೆ ಆಮೇಲೆ ಜಾರಿರಬೇಕು. ಕಾಲು ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತುತಿದ್ರಾ?"

ಮೂಲೆಯಲ್ಲಿ ನಿಂತಿದ್ದ ಅತ್ತೆ ಒಂದು ಹೆಜ್ಜೆ ಮುಂದೆ ಬಂದರು. "ನಾನೇ ಸುತ್ತುತಿದ್ದೆ. ನಾಲ್ಕು ಮಕ್ಕಳನ್ನ ಹಂಗೇ ಸುತ್ತಿ ಬೆಳೆಸಿದೀನಿ."

"ಒಂದೊಂದು ಸಲ ಅದ್ರಿಂದಲೂ ಆಗುತ್ತೆ," ಎಂದು ಡಾಕ್ಟರು ಬರೆಯತೊಡಗಿದರು.

ಅಷ್ಟೇ ಸಾಕಾಯಿತು. ಮನೆಗೆ ಹೋದ ಮೇಲೆ ತಂಗಿಯ ಗಂಡ ತನ್ನ ತಾಯಿಯ ಮೇಲೆ ಎಗರಾಡಿದ. "ಬೇಡ ಬೇಡ ಅಂದ್ರೂ ನಿನ್ನ ಹಳೇ ಬುದ್ಧಿ ಬಿಡಲಿಲ್ಲ ನೀನು," ಎಂದ. ತಂಗಿ ಅಂದಿನಿಂದ ಅತ್ತೆಯ ಕೈಗೆ ಮಗುವನ್ನು ಕೊಡಲಿಲ್ಲ. ಆಪರೇಷನ್ನಿಗೆ ದಿನ ಸಿಗುವಷ್ಟರಲ್ಲಿ ಆರು ವಾರ ಕಳೆಯಿತು. ಅಕ್ಕ ಹೋದಾಗಲೆಲ್ಲ ಆ ಮುದುಕಿ ಅಡುಗೆಮನೆಯ ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಚೋಟಿ "ಅಜ್ಜಿ" ಎಂದು ವಾಲುತ್ತ ಬಂದು ಮಂಡಿ ಹಿಡಿದುಕೊಂಡರೆ, ಎತ್ತಿಕೊಳ್ಳದೆ ಸೆರಗಿನೊಳಗೆ ಕೈ ಸೇರಿಸಿಕೊಳ್ಳುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಅಕ್ಕ ಹೋಗುತ್ತಿದ್ದಳು. ಕಾಫಿ ಕುಡಿದು ವಾಪಸು ಬರುತ್ತಿದ್ದಳು.

ಆಪರೇಷನ್ ದಿನ ತಂಗಿಯೂ ಅವಳ ಗಂಡನೂ ಥಿಯೇಟರಿನ ಬಾಗಿಲಲ್ಲೇ ನಿಂತಿದ್ದರು. ಅಕ್ಕ ಮತ್ತು ಅತ್ತೆ ಕಾರಿಡಾರಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತಿದ್ದರು. ಬಹಳ ಹೊತ್ತಿನ ಮೇಲೆ ಅತ್ತೆ ಕೇಳಿದರು: "ನೀನು ಓದಿದೋಳು ತಾಯಿ. ಒಂದು ನಿಜ ಹೇಳು. ನನ್ನ ಕೈಯಿಂದಲೇ ಆಯ್ತಾ ಇದು?"

ಅಕ್ಕ ಅವರ ಕೈ ನೋಡಿದಳು. ನಾಲಿಗೆಯ ತುದಿಗೆ ಬಂದಿದ್ದ ಸಮಾಧಾನದ ಮಾತೆಲ್ಲ ಅಲ್ಲೇ ಒಣಗಿಹೋಯಿತು.

"ಅಲ್ಲಮ್ಮ. ಹುಟ್ಟಿದಾಗಲೇ ಇತ್ತು. ನನಗೆ ಗೊತ್ತಾಗಿತ್ತು."

"ಏನಂದೆ?"

"ಮಾರನೇ ದಿನ ನೋಡಿದಾಗ ಎಡಗಾಲಿನ ಕೀಲು ಜಾರಿತು. ಆದ್ರೂ ಸರಿ ಅಂತ ಬರೆದೆ. ಬಟ್ಟೆ ಸುತ್ತಿದ್ದಕ್ಕೆ ಒಂದಿಷ್ಟು ಹೆಚ್ಚಾಗಿರಬಹುದು. ಆದ್ರೆ ನಾನು ಬಾಯಿ ಬಿಟ್ಟಿದ್ರೆ ನೀವು ಸುತ್ತುತ್ತಲೇ ಇರ್ಲಿಲ್ಲ."

ಅತ್ತೆ ಅಳಲಿಲ್ಲ, ಬೈಯಲಿಲ್ಲ. "ಆರು ವಾರ," ಎಂದರು. "ನನ್ನ ಮಗ ನನಗೆ ಮುಖ ಕೊಟ್ಟು ಮಾತಾಡಿಲ್ಲ. ನೀನು ದಿನಾ ಬಂದು ನೋಡ್ತಿದ್ದೆ." ಥಿಯೇಟರಿನ ಬಾಗಿಲ ಕಡೆ ಕೈ ತೋರಿಸಿ, "ನನಗೆ ಹೇಳಿ ಏನು ಬಂತು? ಅಲ್ಲಿ ನಿಂತಿದಾರಲ್ಲ, ಅವರಿಗೆ ಹೇಳು. ನೀನು ಹೇಳದಿದ್ರೆ ನಾನು ಹೇಳಲ್ಲ. ಆದ್ರೆ ನೀನು ಹೇಳ್ತೀಯ," ಎಂದರು.

ಎರಡು ಗಂಟೆಯ ಮೇಲೆ ಡಾಕ್ಟರು ಹೊರಬಂದರು. ಬಟ್ಟಲಿನೊಳಗೆ ಬೆಳೆದಿದ್ದ ಕೊಬ್ಬನ್ನೆಲ್ಲ ತೆಗೆದು ಗುಂಡನ್ನು ಕೂರಿಸಿದ್ದೇವೆ, ಮೂರು ತಿಂಗಳು ಪ್ಲಾಸ್ಟರ್ ಇರಲಿ ಎಂದರು. ಎದೆಯ ಕೆಳಗಿಂದ ಪಾದದವರೆಗೆ ಬಿಳಿ ಪ್ಲಾಸ್ಟರ್, ಅಗಲಿಸಿದ ಕಾಲುಗಳ ನಡುವೆ ಒಂದು ಅಡ್ಡಕೋಲು. ಅಷ್ಟು ಬಿಳುಪಿನ ಮೇಲೆ ಚೋಟಿಯ ಮುಖ ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು. ಮಗುವನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ ಅಕ್ಕ ಮಂಚದ ಕಾಲ್ದೆಸೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಆರು ವಾರದ ಮಗುವಿನ ಬಟ್ಟೆ ಬಿಚ್ಚಿ ನೋಡದೆ ಬಂದದ್ದನ್ನೂ ಬಿಡಲಿಲ್ಲ.

ತಂಗಿಯ ಗಂಡ ತಾಯಿಯ ಕಡೆ ತಿರುಗಿ ತಲೆ ತಗ್ಗಿಸಿದ. ತಂಗಿ ಕೇಳಿದಳು: "ಆಗಲೇ ಹೇಳಿದ್ರೆ ಏನು ಮಾಡ್ತಿದ್ರು?"

"ಮೆತ್ತನೆ ಪಟ್ಟಿ ಕಟ್ಟೋರು. ಎರಡು ಮೂರು ತಿಂಗಳು."

"ಕೊಯ್ತಿರ್ಲಿಲ್ವಾ?"

"ಮುಕ್ಕಾಲುಪಾಲು ಇಲ್ಲ."

"ನನ್ನ ಮುಖ ನೋಡ್ಕೊಂಡೇ ಸರಿ ಇದೆ ಅಂದ್ಯಲ್ಲಕ್ಕಾ."

"ನಿನ್ನ ಮುಖ ನೋಡೇ ಹಂಗಂದೆ."

"ನನ್ನ ತಲೆ ಮೇಲೆ ಹಾಕಬೇಡ," ಎಂದಳು ತಂಗಿ, ಧ್ವನಿ ಎತ್ತದೆ. "ಹೊರಗೆ ಹೋಗು."

ಅಕ್ಕ ಅಲ್ಲಿಂದ ನೇರವಾಗಿ ಮೇಟ್ರನ್ ಕೋಣೆಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟಳು. ವಿಚಾರಣೆ ನಡೆಯಿತು. ಅವಳನ್ನು ಹಸುಗೂಸುಗಳ ಕೆಲಸದಿಂದ ತೆಗೆದು ಬ್ಯಾಂಡೇಜು ಕೋಣೆಗೆ ಹಾಕಿದರು. ಸ್ವಂತದವರನ್ನು ಯಾರೂ ಪರೀಕ್ಷಿಸಕೂಡದು ಎಂದು ಹೊಸ ನಿಯಮ ಬಂತು. ಶಿಕ್ಷೆ ಕಡಿಮೆಯಾಯಿತೆಂದೇ ಅವಳಿಗನಿಸಿತು. ತಂಗಿ ಫೋನ್ ಎತ್ತುತ್ತಿರಲಿಲ್ಲ.

ಇಪ್ಪತ್ತು ದಿನದ ಮೇಲೆ ಅತ್ತೆಯ ಫೋನ್ ಬಂತು. "ಮಗು ಉಚ್ಚೆ ಹೊಯ್ದು ಪ್ಲಾಸ್ಟರ್ ಅಂಚೆಲ್ಲ ಒದ್ದೆ. ತೊಡೆ ಕೆಂಪಗಾಗಿ ರಚ್ಚೆ ಹಿಡಿದಿದಾಳೆ. ನನಗೂ ತಿಳೀತಿಲ್ಲ, ಅವಳಿಗೂ ತಿಳೀತಿಲ್ಲ. ಬಾ."

"ಅವಳು ಒಳಗೆ ಬಿಡ್ತಾಳಾ ಅಮ್ಮ?"

"ಬಾಗಿಲು ತೆಗೆಯೋಳು ನಾನು."

ಅಕ್ಕ ಹೋದಾಗ ತಂಗಿ ಮಗುವಿನ ತಲೆಯ ಹತ್ತಿರ ಕೂತಿದ್ದಳು. ಎದ್ದು ಹೋಗಲಿಲ್ಲ, ಕೂರು ಎಂದೂ ಅನ್ನಲಿಲ್ಲ. ಅಕ್ಕ ಕೈ ತೊಳೆದುಕೊಂಡು ಬಂದಳು. ಒದ್ದೆಯಾದ ಹತ್ತಿಯನ್ನು ಅಂಚಿನಿಂದ ಎಳೆದು ತೆಗೆದಳು, ಚರ್ಮ ಒರೆಸಿದಳು, ಕೂದಲು ಒಣಗಿಸುವ ಯಂತ್ರದಿಂದ ತಣ್ಣನೆಯ ಗಾಳಿ ಬಿಟ್ಟು ಪ್ಲಾಸ್ಟರ್ ಒಣಗಿಸಿದಳು, ಮತ್ತೆ ನೀರು ತಾಗದ ಹಾಗೆ ಅಂಚಿಗೆ ಅಂಟುಪಟ್ಟಿ ಹಚ್ಚಿದಳು. ಗಾಳಿಯ ಕಚಗುಳಿಗೆ ಚೋಟಿ ಅಳು ನಿಲ್ಲಿಸಿ ಕಿಲಕಿಲ ನಕ್ಕಳು. ಯಾರೂ ಜೊತೆಗೆ ನಗಲಿಲ್ಲ.

"ಈಗ ಬೋರಲು ಹಾಕಬೇಕು," ಎಂದಳು ಅಕ್ಕ. "ಅಡ್ಡಕೋಲು ಹಿಡಿದು ಎತ್ತಬಾರದು, ಮುರಿಯುತ್ತೆ. ಭುಜದ ಕೆಳಗೊಬ್ಬರು, ಸೊಂಟದ ಕೆಳಗೊಬ್ಬರು ಕೈ ಕೊಡಬೇಕು."

ತಂಗಿ ಮಗುವಿನ ಭುಜದ ಕೆಳಗೆ ಕೈ ತೂರಿಸಿದಳು. ಅಕ್ಕನ ಕಡೆ ನೋಡದೆ ಹೇಳಿದಳು: "ಇದನ್ನ ನಾನು ಹೊಟ್ಟೆಗೆ ಹಾಕ್ಕೊಂಡಿಲ್ಲ. ತಿಳ್ಕೋ. ಆದ್ರೆ ದಿನಕ್ಕೆ ನಾಲ್ಕು ಸಲ ಇವಳನ್ನ ತಿರುಗಿಸ್ಬೇಕು. ಅತ್ತೆಗೆ ಬೆನ್ನು ನೋವು."

"ಸಂಜೆ ಡ್ಯೂಟಿ ಮುಗಿಸಿ ಬರ್ತೀನಿ."

"ಐದೂವರೆಗೆ ಬಾ. ಆರಕ್ಕೆ ಅವಳು ಮಲಗ್ತಾಳೆ."

ಒಂದೇ ಸಲಕ್ಕೆ ಇಬ್ಬರೂ ಎತ್ತಿ ಮಗುವನ್ನು ತಿರುಗಿಸಿದರು. ಬೋರಲು ಬಿದ್ದ ಚೋಟಿ ದಿಂಬಿನ ಅಂಚಿನಿಂದ ತಲೆಯೆತ್ತಿ ಬಾಗಿಲ ಕಡೆ ನೋಡಿ ಅಜ್ಜಿಯನ್ನು ಕೂಗಿದಳು. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಳಗೆ ಬಂದರು.