ನಲವತ್ತು ಅಕ್ಷರದ ಷರಾ

ಹೊಳೆಯ ಮಟ್ಟ ನೋಡಿ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಆರು. ಮಟ್ಟ ಅಳೆಯುವ ನಮ್ಮ ಠಾಣೆಯ ಹಿಂಬಾಗಿಲಿನಿಂದ ಮೂವತ್ತೊಂದು ಮೆಟ್ಟಿಲು ಇಳಿದರೆ ನೀರಿನಲ್ಲಿ ನಿಂತ ಅಳತೆಕಂಬ ಸಿಗುತ್ತದೆ. ಅಲೆ ಎದ್ದಾಗ ಒಂದು ಅಂಕಿ, ಬಿದ್ದಾಗ ಒಂದು ಅಂಕಿ, ಎರಡರ ಸರಾಸರಿ. ಮೊದಲು ಪುಸ್ತಕದಲ್ಲಿ ಪೆನ್ನಿನಿಂದ, ಆಮೇಲೆ ಮೇಲೆ ಹತ್ತಿ ಬಂದು ಕಂಪ್ಯೂಟರಿನಲ್ಲಿ. ಹತ್ತೊಂಬತ್ತು ವರ್ಷಗಳಲ್ಲಿ ಕಣ್ಣಿಗೆ ಕಾಣದ ಅಂಕಿಯನ್ನು ನಾನು ಒಮ್ಮೆಯೂ ಬರೆದಿರಲಿಲ್ಲ.

ಕಂಪ್ಯೂಟರಿನ ಪುಟದಲ್ಲಿ ದಿನಾಂಕ, ವೇಳೆ, ಮಟ್ಟ ಆದ ಮೇಲೆ ಕೊನೆಯ ಕಲಂ ಷರಾ. ಅದರ ಮೇಲೆ ಒತ್ತಿದರೆ ಚಿಕ್ಕದೊಂದು ಕಿಟಕಿ ತೆರೆಯುತ್ತಿತ್ತು. ಹೇಳುವಂಥದ್ದು ಏನೂ ಇಲ್ಲದಿದ್ದರೆ ‘ವಿಶೇಷವಿಲ್ಲ’ ಎಂದು ಬರೆಯಬೇಕೆಂಬುದು ನಿಯಮ. ಮೊದಲ ಹನ್ನೊಂದು ವರ್ಷ ನಾನು ದಿನಕ್ಕೆ ಮೂರು ಸಲ ಅದನ್ನೇ ಬರೆದೆ. ಸಾವಿರಗಟ್ಟಲೆ ವಿಶೇಷವಿಲ್ಲಗಳು.

ಆ ಕಿಟಕಿಯಲ್ಲಿ ಪಕ್ಕದ ಠಾಣೆಯವರ ಷರಾ ಕೂಡ ಕಾಣುತ್ತಿತ್ತು. ನನ್ನ ಕೆಳಗೆ ಬೇರೆ ಠಾಣೆ ಇಲ್ಲ. ಮೇಲೆ, ನೀರು ಇಳಿದು ಬರಲು ನಾಲ್ಕು ಗಂಟೆ ಹಿಡಿಯುವಷ್ಟು ದೂರದಲ್ಲಿ, ಒಂದು ಇದೆ. ಎಂಟು ವರ್ಷದ ಹಿಂದೆ ಅಲ್ಲಿಗೆ ಹೊಸಬರೊಬ್ಬರು ಬಂದರು. ಒಂದು ಬೆಳಿಗ್ಗೆ ಅವರ ಸಾಲಿನಲ್ಲಿ ಹೀಗಿತ್ತು: ‘ಮರದ ಬೇರು ಬರುತಿದೆ. ಜೋಪಾನ.’ ಮಧ್ಯಾಹ್ನ ಹನ್ನೆರಡಕ್ಕೆ ಮೆಟ್ಟಿಲ ಮೇಲೆ ಕಾದು ನಿಂತೆ. ಬುಡಸಮೇತ ಒಂದು ಮರ, ಬೇರುಗಳನ್ನು ಮೇಲೆ ಮಾಡಿಕೊಂಡು, ನಿಧಾನವಾಗಿ ತಿರುಗುತ್ತ ಹಾದುಹೋಯಿತು. ಒಂದು ಗಂಟೆಯ ಷರಾದಲ್ಲಿ ಬರೆದೆ: ‘ಬಂತು. ಹೋಯಿತು.’

ಅಲ್ಲಿಂದ ಶುರು. ಅವರು ನನ್ನನ್ನು ‘ಕೆಳಗಿನವರು’ ಎಂದರು, ನಾನು ಅವರನ್ನು ‘ಮೇಲಿನವರು’ ಎಂದೆ. ಹೆಸರು ಕೇಳಿಕೊಳ್ಳಲಿಲ್ಲ. ಷರಾದ ಮಿತಿ ನಲವತ್ತು ಅಕ್ಷರ, ಅದೂ ಕಂಪ್ಯೂಟರಿನ ಲೆಕ್ಕದಲ್ಲಿ. ಅದಕ್ಕೆ ಕೊಂಬೂ ಒಂದು ಅಕ್ಷರ, ದೀರ್ಘವೂ ಒಂದು ಅಕ್ಷರ, ಚುಕ್ಕಿಯೂ ಒಂದು ಅಕ್ಷರ. ಒತ್ತಕ್ಷರವಂತೂ ಒಂದೇ ಮೂರನ್ನು ನುಂಗುತ್ತಿತ್ತು. ಹಾಗಾಗಿ ನಾವಿಬ್ಬರೂ ಒತ್ತು ಬಿಟ್ಟು ಬರೆಯುವುದನ್ನು ಕಲಿತೆವು. ಬರುತ್ತಿದೆ ಎನ್ನುವುದು ಬರುತಿದೆ ಆಯಿತು. ಜಾಸ್ತಿ ಹೋಗಿ ಜೋರು ಬಂತು. ‘ಹೊಳೆ ಕೆಂಪು. ಮೇಲೆ ಮಳೆ ಜೋರು.’ ‘ಪಾಚಿ ಜಾರುತಿದೆ. ನಿಧಾನ ಇಳಿಯಿರಿ.’

ಭಾನುವಾರಕ್ಕೊಮ್ಮೆ ಫೋನ್ ಮಾಡುವ ನನ್ನ ಅಕ್ಕನಿಗೆ ಇದು ನಗೆಯ ವಿಷಯ. “ಏನಂತಾರೆ ನಿನ್ನ ಮೇಲಿನವರು? ದೇವರ ಹತ್ರ ನೇರ ಸಂಪರ್ಕ ಇಟ್ಕೊಂಡಿದೀಯ ಬಿಡು,” ಎನ್ನುತ್ತಿದ್ದಳು. ಒತ್ತು ಉಳಿಸಲು ಹೋಗಿ ಇಬ್ಬರೂ ಕವಿಗಳಾಗಿದ್ದೀರಿ ಎಂದು ಛೇಡಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಅಕ್ಕನ ಆ ಕರೆ ಬಿಟ್ಟರೆ, ನಾನು ಹೇಗಿದ್ದೇನೆಂದು ಕೇಳುತ್ತಿದ್ದದ್ದು ಆ ಕಿಟಕಿ ಮಾತ್ರ. ಇದನ್ನು ಅವಳಿಗೂ ಹೇಳಿರಲಿಲ್ಲ.

ಹೋದ ತಿಂಗಳ ಹತ್ತೊಂಬತ್ತರ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಬ್ರೌಸರ್ ಬೇರೆಯೇ ಆಗಿತ್ತು. ‘ನಿಮಗಾಗಿ ಇನ್ನಷ್ಟು ಸರಳ’ ಎಂದು ಒಂದು ಪುಟ ತನ್ನಷ್ಟಕ್ಕೆ ತೆರೆದುಕೊಂಡು ಅಭಿನಂದಿಸಿತು. ಮೇಲಿದ್ದ ಟ್ಯಾಬುಗಳು ಎಡಕ್ಕೆ ಸರಿದಿದ್ದವು. ಹಿಂದಕ್ಕೆ ಹೋಗುವ ಬಾಣ ಎಲ್ಲೋ ಅಡಗಿತ್ತು. ನಾನು ಗುರುತು ಹಾಕಿಟ್ಟ ಪುಟಗಳ ಸಾಲು ಕಾಣೆಯಾಗಿ, ಅದರ ಜಾಗದಲ್ಲಿ ನನಗೆ ಬೇಡದ ಸುದ್ದಿಗಳು ಬಂದು ಕೂತಿದ್ದವು. ನಾವಿಲ್ಲದಾಗ ಯಾರೋ ನಮ್ಮ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಬೇರೆ ಬೇರೆ ಕಡೆ ಜೋಡಿಸಿ, ನೋಡಿ ಎಷ್ಟು ಚೆಂದ ಎಂದು ಬಾಗಿಲಲ್ಲಿ ನಿಂತ ಹಾಗೆ. ಹುಡುಕಿ ಹುಡುಕಿ ನಮ್ಮ ಪುಟ ತೆರೆದೆ. ಮಟ್ಟ ಬರೆದೆ. ಷರಾದ ಮೇಲೆ ಒತ್ತಿದೆ.

ಕಿಟಕಿ ತೆರೆಯಲಿಲ್ಲ. ಮತ್ತೆ ಒತ್ತಿದೆ. ಒಂದಷ್ಟು ಹೊತ್ತು ಷರಾದ ಮನೆಯನ್ನು ಬಾಗಿಲು ತಟ್ಟುವ ಹಾಗೆ ಒತ್ತುತ್ತಲೇ ಇದ್ದೆ. ಮೇಲಿನವರ ಮಟ್ಟದ ಅಂಕಿ ಪುಟದಲ್ಲಿ ಎಂದಿನಂತೆ ಕಾಣುತ್ತಿತ್ತು. ಮಾತು ಮಾತ್ರ ಇಲ್ಲ.

ಆಯ್ಕೆಗಳ ಪುಟದಲ್ಲಿದ್ದ ಎಲ್ಲ ಗುಂಡಿಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಒಂದು ಬದಲಾಯಿಸುವುದು, ಫಲ ಬರೆದುಕೊಳ್ಳುವುದು, ಹಿಂದಿನಂತೆ ಮಾಡುವುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿಸಿದ ಕ್ರಮ ಅದು. ಎರಡು ದಿನದಲ್ಲಿ ಮೂರು ಹಾಳೆ ತುಂಬಿದವು, ಕಿಟಕಿ ತೆರೆಯಲಿಲ್ಲ. ಮೂರನೆಯ ದಿನ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದೆ. ಆ ಕಡೆಯವರಿಗೆ ನೆಗಡಿಯಾಗಿತ್ತು.

“ಅಂಕಿ ಸೇವ್ ಆಗ್ತಿದೆಯಾ ಅಮ್ಮ?”

“ಆಗ್ತಿದೆ.”

“ಮತ್ತೇನು ತೊಂದರೆ?”

“ಷರಾ ತೆರೀತಿಲ್ಲ.”

“ಅಯ್ಯೋ, ಅದನ್ನ ಯಾರು ಓದ್ತಾರಮ್ಮ?”

ಇಲಾಖೆಯ ಕಲಮಿನಲ್ಲಿ ಎಂಟು ವರ್ಷ ಹರಟಿದ್ದೇನೆ ಎಂದು ಯಾರಿಗೆ ಹೇಳಲಿ? ನಿಯಮವಿದೆಯಲ್ಲ, ಅದಕ್ಕೇ ಕೇಳಿದೆ ಎಂದೆ. ಹೊಸ ಬ್ರೌಸರ್ ಅಂಥ ಕಿಟಕಿಗಳನ್ನು ಬಿಡುವುದಿಲ್ಲ, ನಮ್ಮ ಪುಟವನ್ನೇ ಹೊಸದಾಗಿ ಮಾಡಬೇಕು, ವರ್ಷದೊಳಗೆ ಆಗಬಹುದು ಎಂದು ಅವರು ಸಮಾಧಾನ ಹೇಳಿ ಫೋನ್ ಇಟ್ಟರು.

ಉಳಿದ ದಿನಗಳಲ್ಲಿ ಮೇಲಿನವರ ಅಂಕಿಯನ್ನೇ ನೋಡುತ್ತ ಕೂತೆ. ಎಂಟಕ್ಕೆ ಸರಿಯಾಗಿ ಬಂದರೆ ಆರೋಗ್ಯವಾಗಿದ್ದಾರೆ. ಎಂಟೂ ಹತ್ತಕ್ಕೆ ಬಂದರೆ ಸೊಂಟನೋವು ಇರಬೇಕು, ಮೆಟ್ಟಿಲು ನಿಧಾನವಾಗಿ ಹತ್ತಿದ್ದಾರೆ. ನನ್ನ ಕಡೆಯಿಂದ ಷರಾ ಖಾಲಿ ಹೋಗುತ್ತಿದೆ, ಅವರಿಗೂ ಅಲ್ಲಿ ಹೀಗೇ ಆಗಿರಬಹುದು ಎಂದುಕೊಂಡೆ. ಠಾಣೆಯಲ್ಲಿ ಗಡಿಯಾರದ ಸದ್ದು ಇಷ್ಟು ಜೋರಾಗಿದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತಿಂಗಳ ಕೊನೆಯ ದಿನ ನಾನು ಪುಸ್ತಕ ಹಿಡಿದು ಶಾಖಾ ಕಚೇರಿಗೆ ಹೋಗಬೇಕು. ಎಂಟರ ಅಂಕಿ ಬರೆದು ಬಸ್ಸು ಹತ್ತಿದರೆ ಆರರ ಅಂಕಿಗೆ ವಾಪಸು. ಮಧ್ಯಾಹ್ನ ಒಂದು ಗಂಟೆಯ ಮನೆ ಆ ದಿನ ಮಾತ್ರ ಖಾಲಿ ಬಿಡಬಹುದು. ಅವತ್ತು ಬೆಳಿಗ್ಗೆ ಮಟ್ಟ ೩.೪೧ ಮೀಟರ್. ನಾಲ್ಕು ದಿನದಿಂದ ಹೊಳೆ ಮೆಲ್ಲಗೆ ಇಳಿಯುತ್ತಿತ್ತು.

ಕಚೇರಿಯಲ್ಲಿ ದಾಖಲೆ ನೋಡಿಕೊಳ್ಳುವಾಕೆ ನನಗಿಂತ ಹಿರಿಯಳು. ಅವಳ ಮುಂದೆ ಬೂದುಬಣ್ಣಕ್ಕೆ ತಿರುಗಿದ ಹಳೆಯ ಕಂಪ್ಯೂಟರ್ ಇದೆ. ನಾನು ಬ್ರೌಸರಿನ ಗೋಳು ತೋಡಿಕೊಂಡಾಗ ಅವಳು ಅದರ ತಲೆ ಸವರಿದಳು. “ಇದಕ್ಕೆ ಅಪ್‌ಡೇಟ್ ಆಗೋ ವಯಸ್ಸು ದಾಟಿದೆ ಕಣೇ. ನನ್ನ ಹಾಗೆ.”

ನನಗೆ ಒಮ್ಮೆಲೇ ಹೊಳೆಯಿತು. ಸ್ವಲ್ಪ ಕೂರಲೇ ಎಂದು ಕೇಳಿದೆ. ಅವಳು ಊಟದ ಡಬ್ಬಿ ತೊಳೆಯಲು ಎದ್ದಳು. ಪುಟ ತೆರೆದು ಷರಾದ ಮೇಲೆ ಒತ್ತಿದೆ. ಕಿಟಕಿ ತೆರೆಯಿತು, ಏನೂ ಆಗಿಲ್ಲವೆಂಬಂತೆ.

ಹನ್ನೆರಡು ದಿನದ ಷರಾಗಳು ಒಂದರ ಕೆಳಗೊಂದು ಇದ್ದವು. ಮೇಲಿನವರ ಕಂಪ್ಯೂಟರೂ ಇದರಷ್ಟೇ ಹಳೆಯದಿರಬೇಕು.

‘ಒಂದು ಮಾತು ಹೇಳಲೇ?’ ಎಂದು ಮೇಲಿನವರು ಬರೆದಿದ್ದರು. ಅದರ ಕೆಳಗೆ ನನ್ನ ಸಾಲು: ‘ವಿಶೇಷವಿಲ್ಲ.’

‘ಈ ತಿಂಗಳ ಕೊನೆಗೆ ನನಗೆ ಬಿಡುಗಡೆ.’ ನನ್ನ ಸಾಲು: ‘ವಿಶೇಷವಿಲ್ಲ.’

‘ಮಗಳ ಮನೆಗೆ ಹೋಗುವೆ. ಹೊಳೆ ಇರದ ಊರು.’ ‘ವಿಶೇಷವಿಲ್ಲ.’

‘ಫೋನಿನ ಅಂಕಿ ಕೊಡುವಿರಾ?’ ‘ವಿಶೇಷವಿಲ್ಲ.’

ನಾನು ಹಾಗೆ ಬರೆದಿರಲಿಲ್ಲ. ಹೊಸ ಬ್ರೌಸರ್ ಬರೆದಿತ್ತು. ಖಾಲಿ ಬಿಟ್ಟ ಮನೆಯಲ್ಲಿ ನಾನು ಹಿಂದೆ ಅತಿ ಹೆಚ್ಚು ಸಲ ಬರೆದದ್ದನ್ನು ತಾನೇ ತುಂಬಿ, ನನಗೆ ತೋರಿಸದೆ ಕಳಿಸುತ್ತಿತ್ತು. ಎಂಟು ವರ್ಷದ ಮಾತೆಲ್ಲ ಒಂದೊಂದು ಸಲ ಬರೆದದ್ದು. ಅದಕ್ಕೆ ಅದರ ಲೆಕ್ಕದಲ್ಲಿ ತೂಕವೇ ಇರಲಿಲ್ಲ.

ಅವರ ಕೊನೆಯ ಷರಾ ನಿನ್ನೆ ಸಂಜೆಯದು. ‘ತೊಂದರೆ ಕೊಟ್ಟಿದ್ದರೆ ಕ್ಷಮಿಸಿ.’ ಒಂದೇ ವಾಕ್ಯದಲ್ಲಿ ಮೂರು ಒತ್ತು. ಎಂಟು ವರ್ಷದಲ್ಲಿ ಅವರು ಅಷ್ಟು ಖರ್ಚು ಮಾಡಿದ್ದನ್ನು ನಾನು ನೋಡಿರಲಿಲ್ಲ. ಇವತ್ತು ಬೆಳಿಗ್ಗೆ ಅವರು ಷರಾ ಬರೆದಿರಲಿಲ್ಲ.

ದಾಖಲೆಯಾಕೆ ವಾಪಸು ಬಂದಾಗ ಮೇಲಿನ ಠಾಣೆಯವರ ನಂಬರ್ ಇದೆಯೇ ಎಂದು ಕೇಳಿದೆ. ಆ ಠಾಣೆ ಬೇರೆ ಶಾಖೆಗೆ ಸೇರಿದ್ದು, ಅರ್ಜಿ ಬರೆದರೆ ವಾರದಲ್ಲಿ ಸಿಗಬಹುದು ಎಂದಳು. ಗಡಿಯಾರದಲ್ಲಿ ಎರಡೂ ಇಪ್ಪತ್ತು. ಸಂಜೆ ಆರಕ್ಕೆ ಅವರು ತಮ್ಮ ಕೊನೆಯ ಅಂಕಿ ಬರೆದು ಪುಟ ಮುಚ್ಚುತ್ತಾರೆ. ನಾನು ಆರಕ್ಕೆ ನನ್ನ ಠಾಣೆಯಿಂದ ಅಂಕಿ ಬರೆದರೆ ಷರಾದಲ್ಲಿ ಬ್ರೌಸರ್ ವಿಶೇಷವಿಲ್ಲ ಎಂದೇ ಕಳಿಸುತ್ತದೆ. ಹೇಳುವುದಾದರೆ ಈಗ, ಇಲ್ಲಿಂದ.

ಬೆಳಿಗ್ಗೆಯ ಸಾಲಿಗೆ ಬೀಗ ಬಿದ್ದಿತ್ತು. ಬರೆದು ಆರು ಗಂಟೆ ದಾಟಿದ ಸಾಲನ್ನು ತಿದ್ದಲಾಗದು, ಕಾಲು ಗಂಟೆ ತಡವಾಗಿತ್ತು. ತೆರೆದಿದ್ದದ್ದು ಒಂದು ಗಂಟೆಯ ಖಾಲಿ ಸಾಲು ಒಂದೇ. ಅದರಲ್ಲಿ ಷರಾ ಮಾತ್ರ ಬರೆದು ಉಳಿಸಲು ನೋಡಿದೆ. ‘ಮಟ್ಟ ನಮೂದಿಸಿ’ ಎಂದು ಕೆಂಪಕ್ಷರ ಬಂತು.

ಒಂದು ಗಂಟೆಗೆ ನಾನು ಠಾಣೆಯಲ್ಲಿರಲಿಲ್ಲ. ಮಟ್ಟ ನೋಡಿರಲಿಲ್ಲ. ಕೈ ಕೀಲಿಗಳ ಮೇಲಿಟ್ಟುಕೊಂಡು ಎಷ್ಟು ಹೊತ್ತು ಕೂತೆನೋ, ಆರೋಗ್ಯ ಸರಿಯಿದೆಯೇ ಎಂದು ದಾಖಲೆಯಾಕೆ ಕೇಳಿದಳು. ನಾಲ್ಕು ದಿನದ ಇಳಿತದ ಲೆಕ್ಕ ಹಿಡಿದರೆ ಒಂದು ಗಂಟೆಗೆ ೩.೩೯ ಇರಬೇಕು. ಇರಬೇಕು ಎಂಬುದು ಅಳತೆಯಲ್ಲ. ೩.೩೯ ಎಂದು ಬರೆದೆ. ಷರಾದಲ್ಲಿ, ನನ್ನ ಫೋನಿನ ಹತ್ತು ಅಂಕಿಗಳಿಗೆ ಜಾಗ ಬಿಟ್ಟು, ಎಣಿಸಿ ಎಣಿಸಿ ಕೂಡಿಸಿದೆ: ‘ವಿಶೇಷವಿದೆ. ಈಗ ಓದಿದೆ. ಕರೆ ಮಾಡಿ’. ನಂಬರ್ ಸೇರಿ ನಲವತ್ತು, ಒಂದೂ ಹೆಚ್ಚಿಲ್ಲ. ಉಳಿಸಿದೆ.

ಆರಕ್ಕೆ ಐದು ನಿಮಿಷವಿರುವಾಗ ಠಾಣೆ ಮುಟ್ಟಿ, ಚೀಲವನ್ನೂ ಇಡದೆ ಮೆಟ್ಟಿಲಿಳಿದೆ. ಕಂಬದ ಮೇಲೆ ನೀರು ೩.೪೮ರಲ್ಲಿತ್ತು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಏರಿತ್ತು. ಮೇಲೆ ಬಂದು ಪುಟ ತೆರೆದಾಗ ಮೇಲಿನವರ ಬೆಳಿಗ್ಗೆಯ ಅಂಕಿ ಕಣ್ಣಿಗೆ ರಾಚಿತು: ಒಂಬತ್ತು ಸೆಂಟಿಮೀಟರ್ ಏರಿಕೆ. ಕಚೇರಿಯಲ್ಲಿ ಅವರ ಮಾತನ್ನು ಮಾತ್ರ ಓದಿ ಅಂಕಿಯನ್ನು ನೋಡೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ನೀರು ನನ್ನ ಕಂಬ ಮುಟ್ಟಿತ್ತು, ನಾನು ಇಳಿದಿದೆ ಎಂದು ಬರೆದಿದ್ದೆ.

ತಿದ್ದಲು ಇನ್ನೂ ಸಮಯವಿತ್ತು. ಆದರೆ ತಿದ್ದಿದರೆ ಇಡೀ ಸಾಲು ಅಳಿದು ಹೊಸದಾಗುತ್ತದೆ, ಷರಾ ಕೂಡ. ಅವರು ಓದಿದ್ದಾರೋ ಇಲ್ಲವೋ ನನಗೆ ತಿಳಿಯುವ ದಾರಿಯಿಲ್ಲ. ಆರರ ಅಂಕಿಯನ್ನು ಸರಿಯಾಗಿ ಬರೆದು, ಒಂದು ಗಂಟೆಯದನ್ನು ಮುಟ್ಟದೆ ಬಿಟ್ಟೆ. ಪುಸ್ತಕದಲ್ಲಿ ಒಂದು ಗಂಟೆಯ ಮನೆ ಖಾಲಿ, ಪರದೆಯಲ್ಲಿ ಅದೇ ಮನೆಯಲ್ಲಿ ಒಂದು ಸುಳ್ಳು.

ಆರೂ ಇಪ್ಪತ್ತೆರಡಕ್ಕೆ ಫೋನ್ ಬಂತು. ಗೊತ್ತಿಲ್ಲದ ನಂಬರ್. ಮೇಲಿನ ಠಾಣೆಗೂ ಕೆಳಗಿನ ಠಾಣೆಗೂ ಅಂಕಿ ಹೊಂದದಿದ್ದರೆ ತಪಾಸಣೆಯವರು ಹೀಗೇ ಕರೆಯುತ್ತಾರೆ.

“ನಿಮ್ಮ ಒಂದು ಗಂಟೆಯ ಅಂಕಿ ಎಲ್ಲಿಂದ ಬಂತು?” ತೆಳುವಾದ, ಸ್ವಲ್ಪ ಒಡೆದ ಗಂಡುದನಿ.

“ತಪ್ಪಾಯ್ತು ಸಾರ್. ರಾತ್ರಿ ಎಂಟರೊಳಗೆ ತಿದ್ದಿಬಿಡ್ತೀನಿ, ಇನ್ನು ಸ್ವಲ್ಪ ಹೊತ್ತು...”

“ತಿಂಗಳ ಕೊನೇ ದಿನ ಒಂದು ಗಂಟೆಗೆ ನೀವು ಠಾಣೇಲಿರಲ್ಲ. ಎಂಟು ವರ್ಷದಿಂದ ಆ ಮನೆ ಖಾಲಿ ಇರೋದು ನೋಡಿದೀನಿ. ಅದೂ ಅಲ್ಲದೆ ಬೆಳಿಗ್ಗೆ ಇಲ್ಲಿ ಏರಿದ ನೀರು ನಿಮ್ಮಲ್ಲಿ ಹೇಗ್ರೀ ಇಳಿಯುತ್ತೆ?”

ಕುರ್ಚಿ ಹುಡುಕಿ ಕೂತೆ.

“ನೋಡದೆ ಬರೆದೆ,” ಎಂದೆ. “ಅಂಕಿ ಇಲ್ಲದೆ ಷರಾ ತಗೊಳ್ಳಲ್ಲ ಅದು. ಆ ವಿಶೇಷವಿಲ್ಲ ಎಲ್ಲ ನಾನು ಬರೆದಿದ್ದಲ್ಲ.”

ಆ ಕಡೆ ಪೆಟ್ಟಿಗೆಯನ್ನೋ ಏನನ್ನೋ ನೆಲದ ಮೇಲೆ ಎಳೆದ ಸದ್ದು ಕೇಳಿತು.

“ಹಂಗಾದ್ರೆ ತಿದ್ದಿಬಿಡಿ,” ಎಂದರು. “ನಾನು ಓದಿ ಆಯ್ತಲ್ಲ.”

ಫೋನನ್ನು ಕಿವಿಗೆ ಒತ್ತಿಕೊಂಡೇ ಒಂದು ಗಂಟೆಯ ಸಾಲನ್ನು ಅಳಿಸಿದೆ. ಅಳಿಸಿದೆ ಎಂದು ಹೇಳಿದೆ. ಸರಿ ಎಂದರು. ಮಾತಿಗೆ ಮಿತಿ ಇಲ್ಲದ ಜಾಗದಲ್ಲಿ ನಾವಿಬ್ಬರೂ ಹೊಸಬರು. ಮಗಳ ಊರಿನ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ.

“ಏಳಕ್ಕೆ,” ಎಂದರು. “ಇಡಬೇಡಿ. ಇನ್ನೂ ಅರ್ಧ ಗಂಟೆ ಇದೆ.”